ಜಪಾನಿನ ಮೋರಿ, ಡಾಲಿ, ಫೇರಿ ಶೈಲಿಗಳು: ಈ ಉಡುಪುಗಳಲ್ಲಿರುವುದು ಯಾವ ಕಾಡು?

ಧಾರವಾಡದ_ದಾರ

ನಾನು ವಸ್ತ್ರವಿನ್ಯಾಸ ಕಲಿಸುವವಳು. ಮುಂದಿನ ತಿಂಗಳು ಜಪಾನಿನ ಬೀದಿ ಫ್ಯಾಷನ್ ಕುರಿತು ವಿದ್ಯಾರ್ಥಿಗಳಿಗೆ ಒಂದು ಪಾಠ ಮಾಡಬೇಕಾಗಿದೆ. ಅದರಲ್ಲಿ ಕಾಡು, ಹಳ್ಳಿ, ಅಜ್ಜಿಕಥೆಗಳ ಲೋಕದಿಂದ ಹುಟ್ಟಿದವು ಎಂದು ಹೇಳಲಾಗುವ ಶೈಲಿಗಳಿಗೆ ಒಂದು ಪೂರ್ಣ ತರಗತಿಯನ್ನು ಮೀಸಲಿಡಬೇಕೆಂದಿದ್ದೇನೆ. ಮೋರಿ ಗರ್ಲ್ (ಜಪಾನಿ ಭಾಷೆಯಲ್ಲಿ ಮೋರಿ ಎಂದರೆ ಕಾಡು), ಡಾಲಿ ಕೇ, ಫೇರಿ ಕೇ (ಕೇ ಎಂದರೆ ಶೈಲಿ), ಗೊಂಬೆಯಂತಹ ಉಡುಪಿನ ಲೋಲಿಟಾ ಶೈಲಿಯ ಕೆಲವು ಕವಲುಗಳು ನನ್ನ ಪಟ್ಟಿಯಲ್ಲಿವೆ. ತೊಂದರೆ ಏನೆಂದರೆ, ವಿದ್ಯಾರ್ಥಿಗಳು ಚಿತ್ರಗಳನ್ನು ನೋಡಿದ ಕೂಡಲೇ ಇವೆಲ್ಲವನ್ನೂ ‘ಕಾಟೇಜ್‌ಕೋರ್’ (ಹಳ್ಳಿಬದುಕಿನ ಕನಸನ್ನು ಮೆರೆಸುವ ಇತ್ತೀಚಿನ ಶೈಲಿ) ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ. ಇವುಗಳ ನಡುವಿನ ಭೇದವನ್ನು ಹೇಗೆ ವಿವರಿಸಬೇಕು? ಅದಕ್ಕಿಂತ ಮುಖ್ಯವಾಗಿ, ಇವನ್ನು ನಿಸರ್ಗಪ್ರೇರಿತ ಎಂದು ಕರೆಯುವುದು ಸರಿಯೇ? ಟೋಕಿಯೊದಂತಹ ಮಹಾನಗರದ ರೈಲು ನಿಲ್ದಾಣದಲ್ಲಿ ನಿಂತ ಹುಡುಗಿಯ ಮೈಮೇಲಿರುವ ಕಾಡು ಎಲ್ಲಿಂದ ಬಂತು ಎಂಬುದು ನನ್ನನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆ.

ಟೋಕಿಯೊ_ಕನ್ನಡತಿ

ಮೋರಿ ಶೈಲಿಯಿಂದಲೇ ಆರಂಭಿಸಿ, ಏಕೆಂದರೆ ಅದರ ಹುಟ್ಟು ಸ್ಪಷ್ಟವಾಗಿ ದಾಖಲಾಗಿದೆ. 2004ರಲ್ಲಿ ಆರಂಭವಾದ ಮಿಕ್ಸಿ ಎಂಬ ಜಪಾನಿ ಸಾಮಾಜಿಕ ಜಾಲತಾಣದಲ್ಲಿ 2006ರ ಆಗಸ್ಟ್ ತಿಂಗಳಲ್ಲಿ ಒಬ್ಬ ಯುವತಿ ಈ ಹೆಸರಿನ ಬಳಗವೊಂದನ್ನು ಕಟ್ಟಿದಳು. ‘ನೀನು ಕಾಡಿನಲ್ಲಿ ವಾಸಿಸುವವಳಂತೆ ಕಾಣುತ್ತೀಯೆ’ ಎಂದು ಗೆಳತಿಯೊಬ್ಬಳು ಆಡಿದ ಮಾತೇ ಅದಕ್ಕೆ ಮೂಲ. ಮೋರಿ ಹುಡುಗಿ ಎಂದರೆ ಯಾರು ಎಂಬುದಕ್ಕೆ ಆಕೆ ಉದ್ದನೆಯ ಪಟ್ಟಿಯೊಂದನ್ನು ಬರೆದಳು. ಸಡಿಲವಾದ, ಕೆಳಗೆ ಅಗಲವಾಗುತ್ತ ಹೋಗುವ ನಿಲುವಂಗಿ, ದುಂಡು ಮೂತಿಯ ಪಾದರಕ್ಷೆ, ಪೊಂಚೋ, ಹಳೆಯ ಲೇಸು, ತಿಳಿಗಂದು ಮತ್ತು ಕಡುಹಸಿರು ಬಣ್ಣಗಳು ಆ ಪಟ್ಟಿಯಲ್ಲಿದ್ದವು. ಅವುಗಳ ಜೊತೆಗೇ ಕ್ಯಾಮೆರಾ ಹಿಡಿದು ಅಡ್ಡಾಡುವುದು, ಸಣ್ಣ ಕಾಫಿ ಅಂಗಡಿಗಳಲ್ಲಿ ಹೊತ್ತು ಕಳೆಯುವುದು ಮುಂತಾದ ಅಭ್ಯಾಸಗಳೂ ಇದ್ದವು. ಬಳಗದ ಸದಸ್ಯರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಮೂವತ್ತು ಸಾವಿರವನ್ನು ಮೀರಿತು.

ಇಲ್ಲಿ ಗಮನಿಸಬೇಕಾದುದು ಒಂದಿದೆ. ಇದನ್ನು ಹುಟ್ಟುಹಾಕಿದ್ದು ವಿನ್ಯಾಸಕರಲ್ಲ, ಅಂಗಡಿಯೂ ಅಲ್ಲ. ತಮ್ಮ ಬಳಿ ಆಗಲೇ ಇದ್ದ ಬಟ್ಟೆಗಳಿಗೆ ಹುಡುಗಿಯರೇ ಒಂದು ಹೆಸರನ್ನು ಕೊಟ್ಟುಕೊಂಡರು. ಬ್ರಾಂಡ್‌ಗಳು ಬಂದದ್ದು ಆಮೇಲೆ.

ಸೂಜಿಮೊನೆ

ಚಿತ್ರಗಳಲ್ಲಿ ನೋಡಿದರೆ ಎಲ್ಲವೂ ಲೇಸು ಮತ್ತು ಪದರಗಳೇ. ಡಾಲಿಗೂ ಮೋರಿಗೂ ನಿಜವಾಗಿ ಏನು ವ್ಯತ್ಯಾಸವಿದೆ?

ಹಳೆಪೆಟ್ಟಿಗೆ

ಬಹಳ ವ್ಯತ್ಯಾಸವಿದೆ, ಮತ್ತು ಇವೆರಡನ್ನು ಬೆರೆಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಡಾಲಿ ಕೇ ಒಂದು ಅಂಗಡಿಯ ಸುತ್ತ ಬೆಳೆದ ಶೈಲಿ. ಟೋಕಿಯೊದ ಶಿಬುಯಾದಲ್ಲಿದ್ದ ಗ್ರಿಮೋರ್ ಎಂಬ ಹಳೆಯ ಬಟ್ಟೆಗಳ ಅಂಗಡಿ ಅದರ ಕೇಂದ್ರವಾಗಿತ್ತು. ಹಿಟೊಮಿ ನೊಮುರಾ ನಡೆಸುತ್ತಿದ್ದ ಆ ಅಂಗಡಿಯ ಒಳಗೆ ಹಳೆಯ ಗೊಂಬೆಗಳು, ಒಣಗಿದ ಹೂಗಳು, ಮಾಸಿದ ಕಸೂತಿ ಪರದೆಗಳು ತುಂಬಿರುತ್ತಿದ್ದವು. ಯುರೋಪಿನಿಂದ, ಅದರಲ್ಲೂ ಪೂರ್ವ ಯುರೋಪಿನ ಹಳ್ಳಿಗಳ ಕಡೆಯಿಂದ ಬಂದ ಕಸೂತಿ ರವಿಕೆಗಳು, ಆಲ್ಪ್ಸ್ ಸೀಮೆಯ ಲಂಗಗಳು, ಜಮಖಾನೆಯಷ್ಟು ದಪ್ಪ ನೇಯ್ಗೆಯ ಮೇಲಂಗಿಗಳು, ಹಳೆಯ ಬೀಗದ ಕೈ ಮತ್ತು ಶಿಲುಬೆಗಳನ್ನು ಕಟ್ಟಿದ ಸರಗಳು ಈ ಶೈಲಿಯ ಸಾಮಗ್ರಿಗಳು. ಬಣ್ಣಗಳೂ ಬೇರೆಯೇ. ಮೋರಿಯವರು ಹಾಲಿನ ಕೆನೆ, ಓಟ್ಸ್, ಪಾಚಿಯ ಬಣ್ಣಗಳನ್ನು ಇಷ್ಟಪಟ್ಟರೆ, ಡಾಲಿಯವರು ದ್ರಾಕ್ಷಾರಸದ ಕೆಂಪು, ಕಡುನೀಲಿ, ಹೊಗೆಹಿಡಿದ ಹೊಂಬಣ್ಣವನ್ನು ಆರಿಸಿಕೊಂಡರು. ಮೋರಿ ಹುಡುಗಿ ಕಾಡಿನಂಚಿನ ಗುಡಿಸಲಿನಲ್ಲಿ ಬ್ರೆಡ್ ಸುಡುತ್ತಿರುವವಳು. ಡಾಲಿ ಹುಡುಗಿ ಗ್ರಿಮ್ ಸಹೋದರರು ಸಂಗ್ರಹಿಸಿದ ಕಥೆಗಳಲ್ಲಿ ಯಾವುದೋ ಕೋಟೆಯ ಅಟ್ಟದ ಮೇಲೆ ಬೀಗದ ಹಿಂದೆ ಇರುವವಳು. ಮೊದಲನೆಯದು ನೆಮ್ಮದಿಯ ಕನಸು, ಎರಡನೆಯದರಲ್ಲಿ ಸಾವಿನ ನೆರಳೂ ಇದೆ, ಮಾಟವೂ ಇದೆ.

ಬಣ್ಣದ_ಬುಗುರಿ

ಫೇರಿ ಕೇಯನ್ನು ದಯವಿಟ್ಟು ಈ ಗುಂಪಿನಿಂದ ಹೊರಗಿಡಿ. ಅದರ ಹೆಸರಿನಲ್ಲಿ ಕಿನ್ನರಿ ಇದ್ದಾಳೆಂಬ ಒಂದೇ ಕಾರಣಕ್ಕೆ ಎಲ್ಲರೂ ಅದನ್ನು ಕಾಡಿನ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಅದರ ಮೂಲ ಇರುವುದು 2004ರಲ್ಲಿ ಸಯೂರಿ ತಬುಚಿ ಟೋಕಿಯೊದ ಕೋಎಂಜಿಯಲ್ಲಿ ತೆರೆದ ಸ್ಪ್ಯಾಂಕ್! ಎಂಬ ಅಂಗಡಿಯಲ್ಲಿ. ಅಲ್ಲಿದ್ದುದು 1980ರ ದಶಕದ ಅಮೆರಿಕದ ಆಟಿಕೆಗಳ ಲೋಕ: ಮೈ ಲಿಟಲ್ ಪೋನಿ, ಕೇರ್ ಬೇರ್ಸ್, ರೇನ್‌ಬೋ ಬ್ರೈಟ್. ತಿಳಿಗುಲಾಬಿ, ತಿಳಿನೇರಳೆ, ಪುದೀನ ಹಸಿರು, ಪ್ಲಾಸ್ಟಿಕ್ಕಿನ ನಕ್ಷತ್ರಗಳು, ನೈಲಾನ್ ಜಾಲರಿಯ ಲಂಗಗಳು. ಇದರಲ್ಲಿ ಮರವೂ ಇಲ್ಲ, ಮಣ್ಣೂ ಇಲ್ಲ. ಆ ಶೈಲಿಯ ಸೊಬಗು ಇರುವುದೇ ಬಾಲ್ಯದ ಪ್ಲಾಸ್ಟಿಕ್ಕಿನಲ್ಲಿ, ಅದನ್ನು ನಿಸರ್ಗದ ಹೆಸರಿನಲ್ಲಿ ಶುದ್ಧೀಕರಿಸುವ ಅಗತ್ಯವಿಲ್ಲ.

ಹಳೆಪೆಟ್ಟಿಗೆ

ನಿಸರ್ಗದಿಂದ ಹೊರಗಿಡುವುದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಕಥೆಯಿಂದ ಹೊರಗಿಡುವುದಕ್ಕೆ ಇಲ್ಲ. ರೆಕ್ಕೆಯ ಕುದುರೆ, ಕಾಮನಬಿಲ್ಲಿನ ಮೇಲೆ ವಾಸಿಸುವ ಕರಡಿಗಳು ಆ ಪೀಳಿಗೆಯ ಮಕ್ಕಳಿಗೆ ಸಿಕ್ಕ ಕಿನ್ನರ ಕಥೆಗಳೇ ತಾನೆ?

ತುಂಗೆಯ_ದಡ

ಎಲ್ಲರೂ ಇಷ್ಟು ಗೌರವದಿಂದ ಮಾತನಾಡುತ್ತಿರುವಾಗ ನಾನೊಂದು ಆಕ್ಷೇಪ ಎತ್ತಲೇಬೇಕು. ಕಾಫಿ ಅಂಗಡಿ, ಕ್ಯಾಮೆರಾ, ಲೇಸು, ಚರ್ಮದ ಕೈಚೀಲ. ಇದರಲ್ಲಿ ಕಾಡು ಎಲ್ಲಿದೆ? ಮರದ ಹೆಸರು ಗೊತ್ತಿಲ್ಲದ, ಮಳೆಯಲ್ಲಿ ಕಾಲುದಾರಿ ಹಿಡಿದು ನಡೆಯದ ನಗರವಾಸಿಗಳು ಮಾಲ್‌ಗೆ ಹೋಗಿ ಅಳಿಲಿನ ಚಿತ್ರದ ಬ್ರೋಚ್ ಕೊಂಡರೆ ಅದು ನಿಸರ್ಗಪ್ರೇಮ ಹೇಗಾಗುತ್ತದೆ? 2009ರ ವೇಳೆಗೆ ಪತ್ರಿಕೆಗಳು ಈ ಶೈಲಿಗೇ ವಿಶೇಷ ಪುಟಗಳನ್ನು ಮೀಸಲಿಟ್ಟವು, ಅಂಗಡಿಗಳು ಸಾಲುಸಾಲಾಗಿ ಅದೇ ತಿಳಿಗಂದು ನಿಲುವಂಗಿಗಳನ್ನು ನೇತುಹಾಕಿದವು. ನನ್ನ ದೃಷ್ಟಿಯಲ್ಲಿ ಇದು ಮಾರುಕಟ್ಟೆಯ ಇನ್ನೊಂದು ಬಣ್ಣ, ಅಷ್ಟೇ.

ಕಾಡುದಾರಿಯ_ಓದುಗ

ಅರಣ್ಯಶಾಸ್ತ್ರ ಓದಿದವನಾಗಿ ಒಂದು ವಿಷಯ ಸೇರಿಸುತ್ತೇನೆ. ಧಾರವಾಡದ_ದಾರ ಅವರ ಮೂಲ ಪ್ರಶ್ನೆಗೆ ಇದು ನೇರವಾಗಿ ತಾಗುತ್ತದೆ.

ಜಪಾನಿನ ಭೂಭಾಗದ ಸುಮಾರು ಮೂರನೆಯ ಎರಡರಷ್ಟು ಕಾಡು. ಆದರೆ ಆ ಕಾಡಿನ ಶೇಕಡ 40ರಷ್ಟು ಮನುಷ್ಯರು ನೆಟ್ಟದ್ದು. ಎರಡನೆಯ ಮಹಾಯುದ್ಧದ ನಂತರ ಮನೆ ಕಟ್ಟಲು ಮರ ಬೇಕಾಯಿತು, ಬೋಳಾದ ಬೆಟ್ಟಗಳ ಮೇಲೆ ಸುಗಿ ಮತ್ತು ಹಿನೋಕಿ ಎಂಬ ಸೂಚಿಪರ್ಣ ಮರಗಳನ್ನು ವಿಪರೀತ ಪ್ರಮಾಣದಲ್ಲಿ ನೆಟ್ಟರು. ಮುಂದೆ ಹೊರದೇಶದಿಂದ ಅಗ್ಗದ ಮರ ಬರತೊಡಗಿದಾಗ ಆ ನೆಡುತೋಪುಗಳನ್ನು ಕಡಿಯುವವರಿಲ್ಲದಾಯಿತು. ಇಂದು ಪ್ರತಿ ವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಸುಗಿ ಮರಗಳ ಪರಾಗ ನಗರಗಳ ಮೇಲೆ ಇಳಿದು ಕೋಟ್ಯಂತರ ಜನರ ಕಣ್ಣು ಮೂಗುಗಳನ್ನು ಉರಿಸುತ್ತದೆ. 30 ವರ್ಷಗಳಲ್ಲಿ ಪರಾಗವನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಅಲ್ಲಿನ ಸರ್ಕಾರ 2023ರಲ್ಲಿ ಪ್ರಕಟಿಸಬೇಕಾಗಿ ಬಂತು.

ಮೋರಿ ಹುಡುಗಿಯ ಕಾಡಿನಲ್ಲಿ ಈ ಸುಗಿ ಮರ ಕಾಣುವುದಿಲ್ಲ. ಅಲ್ಲಿರುವುದು ಓಕ್ ಕಾಯಿ, ಕೆಂಪು ಟೋಪಿಯ ಅಣಬೆ, ಜಿಂಕೆ, ಬರ್ಚ್ ಮರದ ಬಿಳಿ ತೊಗಟೆ. ಅಂದರೆ ಉತ್ತರ ಯುರೋಪಿನ ಚಿತ್ರಪುಸ್ತಕದ ಕಾಡು. ಈ ಶೈಲಿ ಹುಟ್ಟಿದ ಕಾಲದಲ್ಲಿ ಜಪಾನಿನಲ್ಲಿ ಫಿನ್ಲೆಂಡ್, ಸ್ವೀಡನ್‌ಗಳ ಬಗ್ಗೆ ದೊಡ್ಡ ಒಲವಿತ್ತು. ಹೆಲ್ಸಿಂಕಿಯಲ್ಲಿ ಸಣ್ಣ ಉಪಾಹಾರಗೃಹ ನಡೆಸುವ ಜಪಾನಿ ಮಹಿಳೆಯ ಕಥೆಯುಳ್ಳ ‘ಕಮೊಮೆ ಶೊಕುದೊ’ ಚಲನಚಿತ್ರ ತೆರೆಕಂಡದ್ದು ಅದೇ 2006ರಲ್ಲಿ. ಫಿನ್ಲೆಂಡಿನ ಮಕ್ಕಳ ಕಥೆಗಳ ಮೂಮಿನ್ ಪಾತ್ರಗಳಂತೂ ಅಲ್ಲಿ ದಶಕಗಳಿಂದ ಮನೆಮಾತು.

ಗುಬ್ಬಿಗೂಡು

ಈ ಮಾಹಿತಿಗಾಗಿ ಧನ್ಯವಾದಗಳು. ಬೆಟ್ಟದ ತುಂಬ ಮರವಿದ್ದೂ ಬೇರೆ ಖಂಡದ ಕಾಡನ್ನು ಕನಸು ಕಂಡರು ಎಂಬುದನ್ನು ಓದಿ ಮನಸ್ಸಿಗೆ ಏನೋ ಆಯಿತು.

ತುಂಗೆಯ_ದಡ

ಇದು ನನ್ನ ವಾದವನ್ನೇ ಗಟ್ಟಿಗೊಳಿಸುತ್ತದೆ. ತಮ್ಮ ಮುಂದಿರುವ ಕಾಡನ್ನು ನೋಡದೆ, ಆಮದಾದ ಚಿತ್ರದ ಕಾಡನ್ನು ಉಟ್ಟರು.

ಟೋಕಿಯೊ_ಕನ್ನಡತಿ

@ತುಂಗೆಯ_ದಡ, ನಿಮ್ಮ ತೀರ್ಪು ಅವಸರದ್ದೆಂದು ನನಗನಿಸುತ್ತದೆ. ಆ ವರ್ಷಗಳಲ್ಲಿ ಇಪ್ಪತ್ತರ ಹರೆಯದ ಹುಡುಗಿಗೆ ಜಪಾನಿನಲ್ಲಿ ಯಾವ ಆಯ್ಕೆಗಳಿದ್ದವು ಎಂಬುದನ್ನು ನೋಡಿ. ಒಂದು ಕಡೆ ಕ್ಯಾನ್‌ಕ್ಯಾಮ್‌ನಂತಹ ಪತ್ರಿಕೆಗಳು ಗಂಡಸರ ಕಣ್ಣಿಗೆ ಮೆಚ್ಚುಗೆಯಾಗುವ ಉಡುಪು ಹೇಗಿರಬೇಕೆಂದು ತಿಂಗಳು ತಿಂಗಳೂ ಪಾಠ ಹೇಳುತ್ತಿದ್ದವು: ಮೈಗೆ ಹತ್ತುವ ಮೇಲಂಗಿ, ಗುಂಗುರು ಮಾಡಿದ ಕೂದಲು, ಎತ್ತರದ ಹಿಮ್ಮಡಿ. ಇನ್ನೊಂದು ಕಡೆ ಶಿಬುಯಾದ 109 ಕಟ್ಟಡದ ಸುತ್ತ ಗ್ಯಾರು ಎಂಬ ಗಾಢ ಅಲಂಕಾರದ ಶೈಲಿಯ ಹುಡುಗಿಯರ ಹೊಳೆಯುವ, ಸದ್ದು ಮಾಡುವ ಲೋಕವಿತ್ತು. ಎರಡಕ್ಕೂ ಸೇರದ ಹುಡುಗಿಯರು ಮೈಯ ಆಕಾರವನ್ನೇ ಮರೆಮಾಡುವ ಸಡಿಲ ಪದರಗಳನ್ನು ತೊಟ್ಟರು. ದುಂಡು ಮೂತಿಯ ಚಪ್ಪಟೆ ಚಪ್ಪಲಿಯಲ್ಲಿ ದೂರ ನಡೆಯಬಹುದು. ಸಡಿಲ ಅಂಗಿಯಲ್ಲಿ ಹೊಟ್ಟೆ ತುಂಬ ತಿಂದು ನೆಮ್ಮದಿಯಾಗಿ ಕೂರಬಹುದು. ಯಾರ ನೋಟವೂ ಬೇಕಿಲ್ಲದೆ ತನ್ನ ಪಾಡಿಗೆ ತಾನು ಹೊರಗೆ ಓಡಾಡುವ ಒಂದು ಜಾಗ ಅವರಿಗೆ ಬೇಕಾಗಿತ್ತು, ಅದಕ್ಕೆ ಅವರು ಕಾಡು ಎಂದರು. ಆ ಕಾಡಿನಲ್ಲಿ ಸುಗಿ ಇದೆಯೋ ಬರ್ಚ್ ಇದೆಯೋ ಎಂಬುದು ಸಸ್ಯಶಾಸ್ತ್ರದ ಪ್ರಶ್ನೆ. ಅಲ್ಲಿ ಯಾರೂ ಇಣುಕುವುದಿಲ್ಲ ಎಂಬುದೇ ನನಗೆ ಮುಖ್ಯ.

ತುಂಗೆಯ_ದಡ

ಹಾಗಾದರೆ ಅದನ್ನು ಬಿಡುವು ಎನ್ನಿ, ಏಕಾಂತ ಎನ್ನಿ. ನಿಸರ್ಗ ಎನ್ನಬೇಡಿ. ನನ್ನ ತಕರಾರು ಇಷ್ಟೇ.

ಕಥೆಯ_ಕಂದೀಲು

ನಿಸರ್ಗವೋ ಅಲ್ಲವೋ ಎಂಬ ಜಗಳದಲ್ಲಿ ಕಥೆಯ ಎಳೆ ಜಾರಿಹೋಗುತ್ತಿದೆ. ಯುರೋಪಿನ ಕಥೆಗಳು ಜಪಾನಿನಲ್ಲಿ ನೆಲೆಯೂರಿ ಈಗ ನೂರು ವರ್ಷ ದಾಟಿದೆ. ಗ್ರಿಮ್ ಕಥೆಗಳು ಜಪಾನಿ ಭಾಷೆಯಲ್ಲಿ ಪುಸ್ತಕವಾಗಿ ಬಂದದ್ದು 1887ರಲ್ಲಿ. 1918ರಲ್ಲಿ ಮಿಯೆಕಿಚಿ ಸುಜುಕಿ ಆರಂಭಿಸಿದ ‘ಅಕಾಯ್ ತೊರಿ’ ಪತ್ರಿಕೆ ಮಕ್ಕಳಿಗಾಗಿ ಕಲಾತ್ಮಕ ಕಥೆಗಳನ್ನು ಬರೆಸುವ ಒಂದು ಚಳವಳಿಯನ್ನೇ ಹುಟ್ಟುಹಾಕಿತು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಚಿತ್ರಕಾರ ಜುನ್‌ಇಚಿ ನಕಹರಾ ‘ಸೊರೆಯಿಯು’ ಎಂಬ ಪತ್ರಿಕೆ ತೆಗೆದು, ಬಟ್ಟೆಯೇ ಸಿಗದ ಆ ದಿನಗಳಲ್ಲಿ ಇರುವ ತುಂಡುಗಳಿಂದಲೇ ಅಂದವಾದ ಅಂಗಿ ಹೊಲಿಯುವುದು ಹೇಗೆಂದು ಹೆಣ್ಣುಮಕ್ಕಳಿಗೆ ತೋರಿಸಿಕೊಟ್ಟರು. 1970ರ ದಶಕದಲ್ಲಿ ಇಸಾವೊ ಕನೆಕೊ ಅವರ ಪಿಂಕ್ ಹೌಸ್ ಎಂಬ ಉಡುಪಿನ ಬ್ರಾಂಡ್ ಹೂವು ಹಣ್ಣುಗಳ ಅಚ್ಚು, ನೆರಿಗೆಯ ಮೇಲೆ ನೆರಿಗೆ, ಹತ್ತಿಯ ಲೇಸುಗಳನ್ನು ತಂದಿತು. 1982ರಲ್ಲಿ ಆರಂಭವಾಗಿ 2003ರಲ್ಲಿ ಕೊನೆಗೊಂಡ ‘ಆಲಿವ್’ ಪತ್ರಿಕೆಯನ್ನು ಓದಿ ಬೆಳೆದ ಹುಡುಗಿಯರಿಗೆ ‘ಆಲಿವ್ ಹುಡುಗಿಯರು’ ಎಂಬ ಹೆಸರೇ ಇತ್ತು. ಗಂಡಸರ ಮೆಚ್ಚುಗೆಗಿಂತ ತಮ್ಮ ಅಭಿರುಚಿ ದೊಡ್ಡದು ಎಂದು ಅವರು ಹದಿಹರೆಯದಲ್ಲೇ ಕಲಿತರು.

ಆಲಿವ್ ನಿಂತ ಮೂರು ವರ್ಷಕ್ಕೆ ಮೋರಿ ಬಳಗ ಹುಟ್ಟಿತು. ಇವೆರಡರ ನಡುವೆ ನೇರ ಸಂಬಂಧವಿದೆ ಎಂಬುದು ನನ್ನ ನಂಬಿಕೆ. ಆದ್ದರಿಂದ ‘ಆಮದಾದ ಕಾಡು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಜ್ಜಿ, ತಾಯಿ, ಮಗಳು ಮೂವರೂ ಒಂದೇ ಚಿತ್ರಪುಸ್ತಕ ಓದಿ ಬೆಳೆದ ಮೇಲೆ ಆ ಕಾಡು ಆ ಮನೆಯದೇ ಆಗುತ್ತದೆ.

ನೂಲೆಳೆ

ನಾನು ಹೊಲಿಯುವವಳು, ಆದ್ದರಿಂದ ಬಟ್ಟೆಯ ಬಗ್ಗೆಯೇ ಹೇಳುತ್ತೇನೆ. ಇಷ್ಟು ಹೊತ್ತಾದರೂ ಯಾರೂ ಅದನ್ನು ಮುಟ್ಟಲಿಲ್ಲ.

ಮೋರಿ ಶೈಲಿಯ ಪದರಗಳು ಕಣ್ಣಿಗೆ ತೋರುವಷ್ಟು ಸುಲಭವಲ್ಲ. ಅತಿ ಉದ್ದದ ಪದರ ಅತಿ ತೆಳುವಾಗಿರಬೇಕು: ಲೇಸಿನಂಚಿನ ಹತ್ತಿಯ ಒಳಲಂಗ. ಅದರ ಮೇಲೆ ಅಂಚು ನಾಲ್ಕು ಬೆರಳು ಮೇಲಿರುವಂತೆ ನಾರುಬಟ್ಟೆಯ ಅಥವಾ ಎರಡು ಪದರದ ಗಾಜ್ (ಜಾಳು ನೇಯ್ಗೆಯ) ಹತ್ತಿಯ ನಿಲುವಂಗಿ. ಅದಕ್ಕೂ ಮೇಲೆ ಹೆಣೆದ ಉಣ್ಣೆಯ ಗಿಡ್ಡ ಮೇಲಂಗಿ. ಕೊನೆಗೆ ಶಾಲು ಅಥವಾ ಬಿಡಿಯಾಗಿ ಕಟ್ಟಿಕೊಳ್ಳುವ ಲೇಸಿನ ಕಾಲರು. ಭಾರವೆಲ್ಲ ಭುಜ ಮತ್ತು ಕತ್ತಿನ ಬಳಿ ನಿಲ್ಲುತ್ತದೆ, ಕೆಳಭಾಗ ಗಾಳಿಗೆ ಆಡುತ್ತದೆ. ಈ ಲೆಕ್ಕ ತಪ್ಪಿದರೆ ಉಟ್ಟವಳು ಬಟ್ಟೆಯ ಗಂಟಿನಂತೆ ಕಾಣುತ್ತಾಳೆ. ಲೋಲಿಟಾ ಶೈಲಿಯಲ್ಲಿ ಲಂಗವನ್ನು ಗಂಟೆಯಾಕಾರಕ್ಕೆ ಎತ್ತಿ ಹಿಡಿಯಲು ಒಳಗೆ ಗಟ್ಟಿಯಾದ ಪೆಟಿಕೋಟ್ ಬೇಕು. ಮೋರಿಯಲ್ಲಿ ಬಟ್ಟೆ ತನ್ನ ತೂಕಕ್ಕೆ ತಾನೇ ಇಳಿಯಬೇಕು. ವಿದ್ಯಾರ್ಥಿಗಳಿಗೆ ಎರಡೂ ಬಗೆಯ ಲಂಗಗಳನ್ನು ಒಂದು ಮಾದರಿ ಗೊಂಬೆಗೆ ತೊಡಿಸಿ ತೋರಿಸಿದರೆ ಈ ಭೇದ ಕೂಡಲೇ ತಿಳಿಯುತ್ತದೆ.

ನಿಸರ್ಗದ ವಿಷಯಕ್ಕೂ ಒಂದು ಮಾತು. ಅಕಿರಾ ಮಿನಗಾವಾ 1995ರಲ್ಲಿ ಆರಂಭಿಸಿದ ಮಿನಾ ಪೆರ್ಹೊನೆನ್ ಸಂಸ್ಥೆಯ ಬಟ್ಟೆಗಳನ್ನು ನೋಡಿ. ಅದು ಬೀದಿ ಶೈಲಿಯಲ್ಲ, ಬೆಲೆಯೂ ಹೆಚ್ಚು, ಆದರೆ ಮೋರಿ ಹುಡುಗಿಯರ ಕಣ್ಣು ಅಲ್ಲಿತ್ತು. ಅವರ ಹೆಸರಾಂತ ‘ತಂಬೂರಿನ್’ ವಿನ್ಯಾಸದಲ್ಲಿ 25 ಚುಕ್ಕೆಗಳು ಸೇರಿ ಒಂದು ಉಂಗುರವಾಗುತ್ತವೆ. ಒಂದು ಚುಕ್ಕೆ ಇದ್ದಂತೆ ಇನ್ನೊಂದಿಲ್ಲ, ಅಂತರವೂ ಸಮವಾಗಿಲ್ಲ. ಯಂತ್ರದ ಕಸೂತಿಯಲ್ಲಿ ಬೇಕೆಂದೇ ಹಾಗೆ ಮಾಡಿದ್ದಾರೆ. ಅಳಿಲಿನ ಚಿತ್ರ ಅಚ್ಚು ಹಾಕುವುದಕ್ಕಿಂತ ಇಂತಹ ಅಸಮತೆಯಲ್ಲಿ ನನಗೆ ಹೆಚ್ಚು ನಿಸರ್ಗ ಕಾಣುತ್ತದೆ. @ತುಂಗೆಯ_ದಡ, ಇದನ್ನು ನೀವು ಹೇಗೆ ತಳ್ಳಿಹಾಕುತ್ತೀರಿ?

ತುಂಗೆಯ_ದಡ

ಇದನ್ನು ತಳ್ಳಿಹಾಕುವುದಿಲ್ಲ. ಕೈಯ ಕೆಲಸದ ಗುಣವನ್ನು ಬಟ್ಟೆಯೊಳಗೆ ತರುವುದನ್ನು ನಾನು ಮನಸಾರೆ ಗೌರವಿಸುತ್ತೇನೆ. ನನ್ನ ಆಕ್ಷೇಪ ಇದ್ದದ್ದು ಬ್ರೋಚಿನ ಬಗ್ಗೆ.

ಮಲ್ಲಿಗೆಪುರ

ಬೇಸಿಗೆಯಲ್ಲಿ ಇಷ್ಟು ಪದರ ಹೇಗೆ ಉಡುತ್ತಿದ್ದರು? ಟೋಕಿಯೊದ ಜುಲೈ ಸೆಕೆ ಮಂಗಳೂರಿನ ಏಪ್ರಿಲ್‌ಗಿಂತ ಕಡಿಮೆಯೇನಲ್ಲ ಎಂದು ಅಲ್ಲಿಗೆ ಹೋಗಿಬಂದವರು ಹೇಳುತ್ತಾರೆ.

ಟೋಕಿಯೊ_ಕನ್ನಡತಿ

ಅವರು ಹೇಳಿದ್ದು ನಿಜ. ಬೇಸಿಗೆಯಲ್ಲಿ ಉಣ್ಣೆ ಮಾಯವಾಗಿ ತೆಳು ಹತ್ತಿಯ ಒಂದು ನಿಲುವಂಗಿ, ಕೆಳಗೆ ಲೇಸಿನ ಅಂಚು, ತಲೆಗೆ ಹುಲ್ಲಿನ ಟೋಪಿ ಉಳಿಯುತ್ತವೆ. ಆದರೂ ಮೋರಿ ಶೈಲಿಯ ನಿಜವಾದ ಕಾಲ ಅಕ್ಟೋಬರ್‌ನಿಂದ ಮುಂದಕ್ಕೆ. ಎಲೆ ಕೆಂಪಾಗುವ ಹೊತ್ತಿಗೆ ಅಂಗಡಿಗಳ ಕಿಟಕಿಯೂ ಬದಲಾಗುತ್ತಿತ್ತು.

ಸಂಡೂರಿನ_ಸೂಜಿ

ಡಾಲಿ ಕೇ ಬಗ್ಗೆ ಒಂದು ಕಹಿ ಪ್ರಶ್ನೆ ಕೇಳುತ್ತೇನೆ. ನಮ್ಮ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಕಸೂತಿಯ ಹಿಂದೆ ಒಂದು ಸಮುದಾಯದ ಹೆಣ್ಣುಮಕ್ಕಳ ಕೈ, ಕನ್ನಡಿ, ಕವಡೆ, ಮದುವೆ, ಅಲೆದಾಟ ಎಲ್ಲ ಇವೆ. ಯಾರೋ ಅದನ್ನು ಕೊಂಡು ‘ಮಾಯಾಲೋಕದ ರಾಜಕುಮಾರಿಯ ಉಡುಪು’ ಎಂದು ಕರೆದರೆ ನನಗೆ ನೋವಾಗುತ್ತದೆ. ಹಂಗೇರಿಯ ಮತ್ಯೋ ಕಸೂತಿಯೂ ಹಾಗೆಯೇ ಒಂದು ಊರಿನ ಜನರದ್ದು; 2012ರಲ್ಲಿ ಯುನೆಸ್ಕೊ ಅದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ರೊಮೇನಿಯಾ ಮತ್ತು ಮೊಲ್ಡೊವಾದ ಕಸೂತಿ ರವಿಕೆ 2022ರಲ್ಲಿ ಸೇರಿತು. ಡಾಲಿ ಶೈಲಿಯಲ್ಲಿ ಇವೆಲ್ಲ ಹೆಸರು ಕಳೆದುಕೊಂಡು ‘ಹಳೆಯ ಯುರೋಪು’ ಎಂಬ ಒಂದೇ ಮಂಜಿನೊಳಗೆ ಸೇರಿಹೋಗಲಿಲ್ಲವೆ?

ಹಳೆಪೆಟ್ಟಿಗೆ

ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಇಲ್ಲೊಂದು ಭೇದವನ್ನು ನೋಡಬೇಕು. ಡಾಲಿಯವರು ಆ ಕಸೂತಿಯನ್ನು ಕಾರ್ಖಾನೆಯಲ್ಲಿ ನಕಲು ಮಾಡಿಸಿ ಮಾರಲಿಲ್ಲ. ಊರಿನವರು ಹಳೆಯ ಬಟ್ಟೆಯ ಸಂತೆಗೆ ಕೊಟ್ಟದ್ದನ್ನು ಕೊಂಡು, ಹರಿದಲ್ಲಿ ಹೊಲಿದು, ಮೈಮೇಲೆ ಇನ್ನಷ್ಟು ವರ್ಷ ಉಳಿಸಿದರು. ಒಂದು ರವಿಕೆ ಸಂದೂಕದಲ್ಲಿ ಹುಳ ಹಿಡಿಯುವುದಕ್ಕಿಂತ ಶಿಬುಯಾದಲ್ಲಿ ನಡೆದಾಡುವುದು ಒಳ್ಳೆಯದೆಂದು ನಾನು ನಂಬುತ್ತೇನೆ.

ಸಂಡೂರಿನ_ಸೂಜಿ

ಉಳಿಸಿದ್ದಕ್ಕೆ ಮೆಚ್ಚುಗೆ ಇದೆ. ಊರಿನ ಹೆಸರನ್ನೂ ಜೊತೆಗೆ ಉಳಿಸಬಹುದಿತ್ತು. ಚೀಟಿಯ ಮೇಲೆ ಒಂದು ಸಾಲು ಬರೆಯಲು ಹೆಚ್ಚು ಖರ್ಚಾಗುವುದಿಲ್ಲ.

ನೂಲೆಳೆ

ಈ ಮಾತಿಗೆ ನನ್ನ ಸಂಪೂರ್ಣ ಬೆಂಬಲವಿದೆ. ಪಾಠದಲ್ಲಿ ಡಾಲಿಯ ಪ್ರತಿ ಚಿತ್ರಕ್ಕೂ ಯಾವ ಸೀಮೆಯ ಕಸೂತಿ ಎಂದು ಗುರುತಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಕೊಡಬಹುದು.

ಗುಲಾಬಿ_ನೆರಿಗೆ

ಲೋಲಿಟಾ ಬಗ್ಗೆ ಯಾರೂ ಸರಿಯಾಗಿ ಬರೆಯಲಿಲ್ಲ. ಆ ಶೈಲಿಯಲ್ಲಿ ಕಥೆ ಎಂದರೆ ಎಲ್ಲಕ್ಕಿಂತ ಮೊದಲು ‘ಆಲಿಸ್ ಇನ್ ವಂಡರ್ಲ್ಯಾಂಡ್’ ಕಥೆಯ ಆಲಿಸ್. 1988ರಲ್ಲಿ ಆರಂಭವಾದ ಬೇಬಿ, ದಿ ಸ್ಟಾರ್ಸ್ ಶೈನ್ ಬ್ರೈಟ್ ಸಂಸ್ಥೆಯ ಸೋದರ ಬ್ರಾಂಡ್‌ಗೆ ಆಲಿಸ್ ಅಂಡ್ ದಿ ಪೈರೇಟ್ಸ್ ಎಂದೇ ಹೆಸರು. ಲಂಗದ ಅಂಚಿನಲ್ಲಿ ಸುತ್ತಲೂ ಮೊಲ, ಗಡಿಯಾರ, ಇಸ್ಪೀಟೆಲೆ, ಚಹಾ ಬಟ್ಟಲುಗಳ ಮೆರವಣಿಗೆ. ಕೆಂಪು ಟೋಪಿಯ ಹುಡುಗಿ ಮತ್ತು ತೋಳ, ಹಿಮಬಿಳುಪಿನ ರಾಜಕುಮಾರಿ, ಗಾಜಿನ ಚಪ್ಪಲಿ, ಎಲ್ಲವೂ ಅಚ್ಚಾಗಿ ಬಂದಿವೆ. ಇಲ್ಲಿ ಉಡುಪು ಕಥೆಯ ಪುಟವೇ ಆಗುತ್ತದೆ. ಡಾಲಿಯಲ್ಲಿ ಕಥೆ ಬಟ್ಟೆಯ ವಯಸ್ಸಿನಲ್ಲಿದೆ, ಮೋರಿಯಲ್ಲಿ ಉಟ್ಟವಳ ನಡವಳಿಕೆಯಲ್ಲಿದೆ, ಲೋಲಿಟಾದಲ್ಲಿ ಅಚ್ಚಿನ ಚಿತ್ರದಲ್ಲಿದೆ. ಪಾಠಕ್ಕೆ ಈ ದಾರಿ ಸರಿಹೋದೀತು.

ಧಾರವಾಡದ_ದಾರ

@ಗುಲಾಬಿ_ನೆರಿಗೆ, ಇದು ಬಹಳ ಉಪಯುಕ್ತವಾದ ವಿಂಗಡಣೆ. ಇದನ್ನು ತರಗತಿಯಲ್ಲಿ ಖಂಡಿತ ಬಳಸುತ್ತೇನೆ. ಕಾಟೇಜ್‌ಕೋರ್ ಎಂದು ಕೂಗುವ ಹುಡುಗರಿಗೆ ಏನು ಹೇಳಲಿ?

ಗುಬ್ಬಿಗೂಡು

ಕಾಲಾನುಕ್ರಮ ಹೇಳಿ, ಸಾಕು. ಮೋರಿ 2006ರದ್ದು. ಹೊರದೇಶಗಳ ಹುಡುಗಿಯರು ಅದನ್ನು ಲೈವ್‌ಜರ್ನಲ್‌ನಲ್ಲಿ, ನಂತರ ಇನ್ನೊಂದು ಬ್ಲಾಗ್ ತಾಣವಾದ ಟಂಬ್ಲರ್‌ನಲ್ಲಿ ಹಂಚಿಕೊಂಡು ಬೆಳೆಸಿದರು. ಕಪ್ಪು ಮತ್ತು ಬೂದು ಪದರಗಳ ‘ಸ್ಟ್ರೇಗಾ’ ಎಂಬ ಕವಲು ಹೊರದೇಶದ ಆ ಬಳಗಗಳಲ್ಲೇ ಹುಟ್ಟಿತು. ಕಾಟೇಜ್‌ಕೋರ್ ಮನೆಮಾತಾದದ್ದು 2020ರಲ್ಲಿ, ಕೊರೊನಾ ಕಾರಣದಿಂದ ಜಗತ್ತು ಮನೆಯೊಳಗೆ ಕುಳಿತಿದ್ದಾಗ. ಅದರಲ್ಲಿ ಹೊಲ, ಕೋಳಿಗೂಡು, ಮನೆಯಲ್ಲೇ ಸುಟ್ಟ ಬ್ರೆಡ್, ಅಂದರೆ ನಗರ ಬಿಟ್ಟು ಹೋಗುವ ಆಸೆ ಇದೆ. ಮೋರಿ ಹುಡುಗಿ ನಗರ ಬಿಡುವುದಿಲ್ಲ. ಅವಳು ರೈಲು ಹಿಡಿದು ಕಿಚಿಜೋಜಿಗೆ ಹೋಗಿ ಇನೊಕಾಶಿರಾ ಉದ್ಯಾನದಲ್ಲಿ ಅಡ್ಡಾಡಿ ಸಂಜೆ ತನ್ನ ಸಣ್ಣ ಕೋಣೆಗೆ ಮರಳುತ್ತಾಳೆ.

ಸೂಜಿಮೊನೆ

ಈ ಶೈಲಿ ಈಗಲೂ ಇದೆಯೇ? ಇದ್ದರೆ ಎಲ್ಲಿ ನೋಡಬಹುದು?

ಟೋಕಿಯೊ_ಕನ್ನಡತಿ

ಹೆಸರು ಹಿಂದೆ ಸರಿದಿದೆ, ಬಟ್ಟೆ ಉಳಿದಿದೆ. ಎಚ್ ಅಂಡ್ ಎಂ 2008ರಲ್ಲಿ ಟೋಕಿಯೊದ ಗಿಂಜಾಕ್ಕೂ ಬೀದಿ ಫ್ಯಾಷನ್‌ಗೆ ಹೆಸರಾದ ಹರಾಜುಕುವಿಗೂ ಬಂತು, ಫಾರೆವರ್ 21 ಮರುವರ್ಷ ಹರಾಜುಕುವಿನಲ್ಲಿ ತೆರೆಯಿತು. ಅಗ್ಗದ ಬಟ್ಟೆಯ ಆ ಹೊಳೆಯಲ್ಲಿ ಬೀದಿಯ ವಿಶಿಷ್ಟ ಉಡುಪುಗಳೆಲ್ಲ ತೆಳುವಾಗುತ್ತ ಹೋದವು. 1997ರಿಂದ ಹರಾಜುಕುವಿನ ಹುಡುಗ ಹುಡುಗಿಯರ ಚಿತ್ರ ತೆಗೆಯುತ್ತಿದ್ದ ಶೊಯಿಚಿ ಅಓಕಿ ಅವರು 2017ರಲ್ಲಿ ತಮ್ಮ ‘ಫ್ರೂಟ್ಸ್’ ಪತ್ರಿಕೆಯನ್ನು ನಿಲ್ಲಿಸಿದರು. ಚಿತ್ರ ತೆಗೆಯಲು ತಕ್ಕ ಉಡುಪಿನ ಯುವಜನರೇ ಸಿಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದೇ ವರ್ಷ ‘ಕೇರಾ’ ಪತ್ರಿಕೆಯ ಮುದ್ರಣವೂ ನಿಂತಿತು.

ಮೋರಿಯ ವಿಷಯದಲ್ಲಿ ಇನ್ನೊಂದೂ ನಡೆಯಿತು. 2010ರ ಸುಮಾರಿಗೆ ‘ಯಾಮಾ ಗರ್ಲ್’ (ಯಾಮಾ ಎಂದರೆ ಬೆಟ್ಟ) ಎಂಬ ಹೊಸ ಅಲೆ ಎದ್ದಿತು. ಬಿಗಿಯಾದ ಕಾಲುಚೀಲದ ಮೇಲೆ ಗಿಡ್ಡ ಲಂಗ ತೊಟ್ಟು, ಬಣ್ಣದ ಬೆನ್ನುಚೀಲ ಹೊತ್ತು ಹುಡುಗಿಯರು ನಿಜವಾದ ಬೆಟ್ಟ ಹತ್ತತೊಡಗಿದರು. ಅದುವರೆಗೆ ನಡುವಯಸ್ಸಿನವರ ಹವ್ಯಾಸವಾಗಿದ್ದ ಚಾರಣಕ್ಕೆ ಯುವತಿಯರು ಬಂದರು, ಬೆಟ್ಟದ ಬಟ್ಟೆಗಳ ತಯಾರಕರು ತಮ್ಮ ಬಣ್ಣಗಳನ್ನೇ ಬದಲಾಯಿಸಿದರು.

ಕಾಡುದಾರಿಯ_ಓದುಗ

@ತುಂಗೆಯ_ದಡ, ಮರದ ಹೆಸರು ಗೊತ್ತಿಲ್ಲದವರು ಎಂದಿದ್ದಿರಿ. ಮೊದಲು ಕನಸಿನ ಕಾಡನ್ನು ಉಟ್ಟ ಪೀಳಿಗೆಯಿಂದಲೇ ಕೆಲವರು ನಂತರ ಟೋಕಿಯೊದ ಅಂಚಿನ ತಕಾವೊ ಬೆಟ್ಟ ಹತ್ತಿದರು. ಶಿನ್‌ರಿನ್ ಯೊಕು, ಅಂದರೆ ಕಾಡಿನ ಗಾಳಿಯಲ್ಲಿ ಮೀಯುವ ಅಭ್ಯಾಸಕ್ಕೆ ಅರಣ್ಯ ಇಲಾಖೆ 1982ರಲ್ಲೇ ಹೆಸರಿಟ್ಟು ಪ್ರಚಾರ ಮಾಡಿತ್ತು. ಇಲಾಖೆಯ ಕರೆಗಿಂತ ಒಂದು ಚೆಂದದ ಲಂಗ ಈ ಹುಡುಗಿಯರನ್ನು ಬೆಟ್ಟಕ್ಕೆ ಹೆಚ್ಚು ಕರೆದೊಯ್ದಿರಬಹುದು ಎಂದು ನನಗನಿಸುತ್ತದೆ.

ತುಂಗೆಯ_ದಡ

ಮೋರಿಯಿಂದ ಯಾಮಾಗೆ ಹೋದವರು ಎಷ್ಟು ಮಂದಿ ಎಂದು ಯಾರು ಎಣಿಸಿದ್ದಾರೆ? ಎರಡು ಅಲೆಗಳು ಒಂದರ ಹಿಂದೊಂದು ಬಂದವು ಎಂದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎನ್ನಲಾಗದು. ಯಾಮಾ ಹುಡುಗಿಯರ ಬಗ್ಗೆ ನನಗೆ ಗೌರವವಿದೆ, ಅವರು ಮಣ್ಣಿನ ಮೇಲೆ ಕಾಲಿಟ್ಟರು.

ಕಥೆಯ_ಕಂದೀಲು

ಕಾಡನ್ನು ಇನ್ನೂ ಆಳವಾಗಿ ಹೊಕ್ಕವರೂ ಇದ್ದಾರೆ. ಮಿನೊರಿ ಎಂಬ ಕಲಾವಿದೆಯನ್ನು ನೋಡಿ. ಮುಖಕ್ಕೆ ಅಚ್ಚ ಬಿಳಿ ಬಣ್ಣ ಬಳಿದುಕೊಳ್ಳುವ ಶಿರೊನುರಿ ಎಂಬ ಪದ್ಧತಿಯನ್ನು ಹಿಡಿದು, ಅದರ ಮೇಲೆ ಹೂವು, ಎಲೆ, ಬಳ್ಳಿಗಳ ಅಲಂಕಾರ ಮಾಡಿಕೊಂಡು ಹರಾಜುಕುವಿನಲ್ಲಿ ನಡೆದಾಡುತ್ತಿದ್ದರು. ತನ್ನ ಸ್ಫೂರ್ತಿ ನಿಸರ್ಗವೇ ಎಂದು ಅವರು ಹೇಳಿದ್ದಾರೆ. ಆಕೆಯ ಕಾಡಿನಲ್ಲಿ ಗುಡಿಸಲೂ ಇಲ್ಲ, ಬ್ರೆಡ್ಡೂ ಇಲ್ಲ. ಮನುಷ್ಯಮುಖವೇ ಅಳಿಸಿಹೋಗಿ ಗಿಡವೊಂದು ನಡೆದು ಬಂದಂತೆ ಕಾಣುತ್ತದೆ. ಈ ಚಿತ್ರವನ್ನು ಪಾಠದಲ್ಲಿ ಮೋರಿಯ ಪಕ್ಕದಲ್ಲೇ ಇಡಿ.

ಮಲ್ಲಿಗೆಪುರ

ನನಗೆ ಮೋರಿ ಶೈಲಿ ಬಹಳ ಇಷ್ಟ, ಆದರೆ ಜಪಾನಿನಿಂದ ತರಿಸುವಷ್ಟು ಹಣವಿಲ್ಲ. ನಮ್ಮಲ್ಲಿ ಸಿಗುವ ಬಟ್ಟೆಯಿಂದ ಹೊಲಿಸಿಕೊಳ್ಳಬಹುದೇ?

ನೂಲೆಳೆ

ಹೊಲಿಸಿಕೊಳ್ಳಬಹುದು, ಬಟ್ಟೆಯ ಗುಣದಲ್ಲಿ ಏನೂ ಕಡಿಮೆಯಾಗುವುದಿಲ್ಲ. 45ಆರ್‌ನಂತಹ ಜಪಾನಿ ಬ್ರಾಂಡ್‌ಗಳೇ ಭಾರತದ ಕೈನೂಲಿನ ಖಾದಿಯನ್ನು ಬಳಸುತ್ತವೆ. ಹೆಗ್ಗೋಡಿನ ಬಳಿಯ ಚರಕ ಮಹಿಳಾ ಸಹಕಾರಿ ಸಂಘದವರು ಕೈಮಗ್ಗದ ಹತ್ತಿಗೆ ಅಡಿಕೆಯ ಚೊಗರಿನಿಂದ ಬಣ್ಣ ಹಾಕುತ್ತಾರೆ. ಆ ಕೆಂಗಂದು ಬಣ್ಣ ಮೋರಿಯ ಬಣ್ಣಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಎದೆಯ ಮೇಲ್ಭಾಗದಲ್ಲಿ ಸಣ್ಣ ನೆರಿಗೆ ಹಿಡಿದು, ಅಲ್ಲಿಂದ ಕೆಳಗೆ ಬಟ್ಟೆಯನ್ನು ಬಿಡಿಯಾಗಿ ಬಿಡಿಸಿ, ತೋಳನ್ನು ಮೊಣಕೈಗಿಂತ ತುಸು ಕೆಳಗೆ ನಿಲ್ಲಿಸಿ. ಒಳಗೆ ಬಿಳಿ ಮಲ್ ಬಟ್ಟೆಯ ಲಂಗವಿರಲಿ. ಹೊಲಿಯುವ ಮೊದಲು ಬಟ್ಟೆಯನ್ನು ಎರಡು ಸಲ ನೆನೆಸಿ ಒಣಗಿಸಿ, ಕೈಮಗ್ಗದ ಬಟ್ಟೆ ಮೊದಲ ತೊಳೆತದಲ್ಲಿ ಕುಗ್ಗುತ್ತದೆ.

ತುಂಗೆಯ_ದಡ

ಬಣ್ಣ ಯಾವ ತೋಟದಿಂದ ಬಂತು, ನೂಲನ್ನು ಯಾರು ನೇಯ್ದರು ಎಂದು ಉಟ್ಟವಳಿಗೆ ಗೊತ್ತಿರುವ ಇಂತಹ ಉಡುಪನ್ನು ನಿಸರ್ಗಪ್ರೇರಿತ ಎನ್ನಲು ನನಗೆ ಯಾವ ಅಡ್ಡಿಯೂ ಇಲ್ಲ.

ಟೋಕಿಯೊ_ಕನ್ನಡತಿ

ನಿಮ್ಮ ಅಳತೆಗೋಲಿನಲ್ಲಿ ಬಟ್ಟೆಗೆ ಮಾತ್ರ ಜಾಗವಿದೆ, ಉಟ್ಟವಳ ಮನಸ್ಸಿಗೆ ಇಲ್ಲ. ನಾನು ಇದನ್ನು ಒಪ್ಪುವುದಿಲ್ಲ, ಒಪ್ಪುವ ಹಾಗೂ ಇಲ್ಲ.

ಧಾರವಾಡದ_ದಾರ

ನಿಮ್ಮಿಬ್ಬರ ಈ ಭಿನ್ನಾಭಿಪ್ರಾಯವನ್ನೇ ತರಗತಿಯಲ್ಲಿ ಚರ್ಚೆಗೆ ಇಡುತ್ತೇನೆ. ಫೇರಿ ಕೇಯನ್ನು ಬಣ್ಣದ_ಬುಗುರಿ ಅವರ ಸಲಹೆಯಂತೆ ಬೇರೆ ತರಗತಿಗೆ, ಆಟಿಕೆಗಳ ಜೊತೆಗೆ ಸಾಗಿಸಿದ್ದೇನೆ. ಮಾದರಿ ಗೊಂಬೆಗೆ ತೊಡಿಸಲು ಪೆಟಿಕೋಟ್ ಸಿಕ್ಕಿತು, ಎರಡು ಪದರದ ಗಾಜ್ ಹತ್ತಿ ಹುಬ್ಬಳ್ಳಿಯ ಅಂಗಡಿಗಳಲ್ಲಿ ಇನ್ನೂ ಸಿಗಲಿಲ್ಲ. ಅದು ದೊರೆಯುವ ಜಾಗ ಯಾರಿಗಾದರೂ ತಿಳಿದಿದ್ದರೆ ತಿಳಿಸಿ.

ನೂಲೆಳೆ

ಮಕ್ಕಳ ಬಟ್ಟೆ ಹೊಲಿಯುವವರನ್ನು ಕೇಳಿ. ಎಳೆಗೂಸುಗಳ ಹೊದಿಕೆಗೆ ಅದೇ ಬಟ್ಟೆಯನ್ನು ‘ಡಬಲ್ ಮಸ್ಲಿನ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಅಚ್ಚಿಲ್ಲದ, ಬಿಳುಪು ಮಾಡದ ಬಟ್ಟೆಯನ್ನೇ ಕೇಳಿ ತೆಗೆದುಕೊಳ್ಳಿ.